ಗೋವಾಕ್ಕೆ ಹೊರಟ ಕೆರೆಮೀನು

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುತ್ತದೆ. ಒಡಹುಟ್ಟಿದ ತಮ್ಮನ ಮೇಲಿನ ಸಿಟ್ಟು ಮಾತ್ರ ಎರಡು ವರ್ಷವಾದರೂ ಆರಿಲ್ಲ.

ರೋಣದ ಬಸ್ ನಿಲ್ದಾಣದ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ ತುಂಬಿಕೊಡುವುದೇ ಕಸುಬು. ಸೂಡಿ ಕಡೆಯ ಕೆರೆಯೊಂದರಲ್ಲಿ ಮೀನು ಹಿಡಿಯುವ ಆರು ಮನೆಯವರು ಒಂದು ದಿನ ಒಟ್ಟಿಗೇ ಬಂದರು. ಅವರ ಕಾಟ್ಲಾ, ರೋಹು ಗೋವಾಕ್ಕೆ ಹೋಗುತ್ತಿದ್ದವು, ಆದರೆ ಯಾರದೋ ತರಕಾರಿ ಗಾಡಿಯಲ್ಲಿ, ಕಳ್ಳಮಾಲಿನ ಹಾಗೆ. ಗಡಿಯ ನಾಕಾದಲ್ಲಿ ಸಿಕ್ಕಿಬಿದ್ದರೆ ಎಲ್ಲ ಮಣ್ಣುಪಾಲು. ಗೋವಾದಲ್ಲಿ ದುಡಿಯಲು ಬಂದ ಬಂಗಾಳ, ಬಿಹಾರದವರಿಗೆ ಕೆರೆಮೀನೇ ಬೇಕು, ಗಿರಾಕಿಯೂ ಸಿಕ್ಕಿದ್ದ. ಬೇಕಾಗಿದ್ದದ್ದು ಆರು ಮನೆಯವರ ಸಂಘದ ಹೆಸರಿನಲ್ಲಿ ಮೀನು ಮಾರುವ ಒಂದು ಲೈಸೆನ್ಸು.

"ನಮ್ಮ ಮೀನ ನಮ್ಮ ಹೆಸರಿಲೇ ಗಡಿ ದಾಟಬೇಕ್ರಿ ಅಕ್ಕಾರ," ಎಂದಳು ಅವರಲ್ಲಿ ಹಿರಿಯಳಾದ ಅಜ್ಜಿ.

ನಾಲ್ಕು ತಿಂಗಳು ಗಜೇಂದ್ರಗಡ, ಗದಗ ಎಂದು ಅಲೆದು ಕಾಗದ ಕೂಡಿಸಿದೆ. ಕೊನೆಗೆ ಅರ್ಜಿಗೊಂದು ಮೊಬೈಲ್ ನಂಬರ್ ಬೇಕಿತ್ತು. ಒಟಿಪಿ ಬರುವುದು, ಮುಂದೆ ಏನಾದರೂ ತಿದ್ದುವುದು ಎಲ್ಲ ಅದರಿಂದಲೇ. ಯಾರದು ಹಾಕಬೇಕೆಂದು ಆರು ಮನೆಯವರೂ ಜಗಳಕ್ಕೆ ನಿಂತರು. ಆ ಕೆರೆಯಲ್ಲಿ ಹಿಡಿದ ಮೀನನ್ನು ಆರು ಗುಡ್ಡೆ ಮಾಡುತ್ತಾರೆ. ಪಾಲಿಲ್ಲದವರೊಬ್ಬರು ಬೆನ್ನು ತಿರುಗಿಸಿ ನಿಂತು, ಯಾವ ಗುಡ್ಡೆ ಯಾರದೆಂದು ಹೆಸರು ಕೂಗುತ್ತಾರೆ. ಪಾಲಿದ್ದವರು ಕೂಗುವಂತಿಲ್ಲ.

"ನಂಬರೂ ಹಂಗ ಆಗಲ್ರಿ. ಪಾಲ ಇಲ್ಲದವ್ರದ್ದ ಹಾಕ್ರಿ," ಎಂದಳು ಅಜ್ಜಿ.

ನನ್ನ ನಂಬರ್ ಆಗಲೇ ಬೇರೆ ಅರ್ಜಿಯಲ್ಲಿತ್ತು, ಕಂಪ್ಯೂಟರ್ ಒಪ್ಪಲಿಲ್ಲ. ಗೋವಾಕ್ಕೆ ಉಳ್ಳಾಗಡ್ಡಿ ಕಳಿಸುವ ನನ್ನ ತಮ್ಮನದು ಹಾಕಿದೆ. ಮೀನಿನ ವಾಸನೆಗೇ ಮೂಗು ಮುಚ್ಚುವವನಿಗೆ ಇದರಲ್ಲೇನು ಆಸೆ ಎಂದುಕೊಂಡೆ. ಹುಚ್ಚಿ ನಾನು.

ಲೈಸೆನ್ಸು ಬಂತು. ಎರಡು ಸಲ ಗಾಡಿ ಸಲೀಸಾಗಿ ಹೋಯಿತು. ಮೂರನೆಯ ಸಲ ನಾಕಾದಲ್ಲಿ ತಡೆದರು; ಲೈಸೆನ್ಸು ಬೇರೆಯವರ ಹೆಸರಿಗಿದೆ ಎಂದರು. ಕಂಪ್ಯೂಟರ್ ತೆರೆದು ನೋಡಿದರೆ ಸಂಘದ ಹೆಸರಿದ್ದಲ್ಲಿ ನನ್ನ ತಮ್ಮನ ಉಳ್ಳಾಗಡ್ಡಿ ಅಂಗಡಿಯ ಹೆಸರು. ಗೋವಾದ ಗಿರಾಕಿಯನ್ನೂ ಅವನು ತನ್ನ ಕಡೆ ಮಾಡಿಕೊಂಡಿದ್ದ. ಮೀನು ಗಾಡಿಯಲ್ಲೇ ಕೊಳೆಯಿತು.

ಅವನ ಮನೆಗೆ ಹೋದೆ. ಊಟಕ್ಕೆ ಕೂತಿದ್ದ, ಏಳಲಿಲ್ಲ.

"ಅವ್ರಿಗೆ ವ್ಯಾಪಾರ ಏನ ತಿಳೀತೈತಿ ಅಕ್ಕಾ? ಅವ್ರ ಹಿಡೀಲಿ, ನಾ ಮಾರ್ತೀನಿ. ಎಲ್ಲಾರಿಗೂ ಚಲೋನ ಅಲ್ಲ?"

"ಉಂಡ ಮನಿ ಗಳಾ ಎಣಿಸೂದು ಯಾರ ಕಲಿಸಿದ್ರಲೇ ನಿನಗ?"

"ನಾ ಏನ ಕದ್ದೀನಿ? ನಂಬರ್ ಹಾಕಿದಾಕಿ ನೀನ," ಎಂದು ಮತ್ತೊಂದು ತುತ್ತು ಕಲಸಿದ.

ಆ ಕೈಗೆ ಅಕ್ಷರ ತಿದ್ದಿಸಿದವಳು ನಾನು. ನೇರ ಅಂಗಡಿಗೆ ಬಂದೆ. ಲೈಸೆನ್ಸು ಕೊಟ್ಟ ಕಚೇರಿಗೆ ದೂರು ಬರೆದೆ. ಒಟಿಪಿ ಕೊಟ್ಟೇ ಬದಲಾಯಿಸಿದ್ದಾರೆ, ಕ್ರಮಬದ್ಧವಾಗಿದೆ ಎಂದು ಉತ್ತರ ಬಂತು.

ಮುಂದಿನ ವಾರ ಅಜ್ಜಿ ಒಬ್ಬಳೇ ಅಂಗಡಿಗೆ ಬಂದಳು. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಹೊಸ ಅರ್ಜಿ ಹಾಕೋಣ ಎಂದೆ.

"ಬ್ಯಾಡ್ರಿ. ಹಿಡಿದ ಮೀನ ಎಲ್ಲಾ ನಿಮ್ಮ ತಮ್ಮಗ ಹಾಕ್ತೀವಂತ ಒಪ್ಪಿಗಿ ಪತ್ರ ಕೇಳ್ಯಾನ್ರಿ. ಅದನ್ನ ಬರದ ಕೊಡ್ರಿ."

"ನಾ ಬರಿಯೂದಿಲ್ಲ."

"ಬರೀರಿ ಅಕ್ಕಾರ," ಎಂದಳು, ಸಮಾಧಾನದಿಂದಲೇ. "ಅಕ್ಕ-ತಮ್ಮ ಕೂಡೇ ಮಾಡೀರಿ. ಈಗ್ಯಾಕ ನಾಚಿಕಿ?"