ಸೊಸೆಗೆಂಥ ಪಗಾರ

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಭೋಂಗಾ ಕೂಗಿತೆಂದರೆ ಶೇಖಪ್ಪನ ಖಾನಾವಳಿಯಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಝುಣಕ. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಒಂಟಿಯಾಗಿರುವ ಕೆಲಸಗಾರರಿಗೆ ನಮ್ಮ ಖಾನಾವಳಿಯೇ ತವರುಮನೆ ಎಂದು ಶೇಖಪ್ಪ ಹೇಳಿಕೊಳ್ಳುತ್ತಿದ್ದ. ಆ ತವರುಮನೆಯ ಒಲೆ ಉರಿಸುತ್ತಿದ್ದವಳು ಅವನ ತಮ್ಮನ ಹೆಂಡತಿ ನೀಲವ್ವ. ಶೇಖಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ. ತಮ್ಮ ಮಲ್ಲೇಶ ಹಳಿಯಾಳದ ಸಂತೆಯಿಂದ ತರಕಾರಿ ತರುತ್ತಿದ್ದ, ಊಟ ಬಡಿಸುತ್ತಿದ್ದ. ಅಣ್ಣತಮ್ಮಂದಿರು ಖಾನಾವಳಿ ಚೆನ್ನಾಗಿ ನಡೆಸುತ್ತಾರೆ ಎಂದು ಊರು ಹೊಗಳುತ್ತಿತ್ತು. ನೀಲವ್ವ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಮನೆಯಲ್ಲಿ ಇರುತ್ತಾಳೆ ಎನ್ನುತ್ತಿದ್ದರು. ಮನೆಯ ಮುಂಭಾಗವೇ ಖಾನಾವಳಿಯಾಗಿದ್ದರಿಂದ ಅದನ್ನು ಸುಳ್ಳು ಎನ್ನಲೂ ಬರುತ್ತಿರಲಿಲ್ಲ.

ಅವಳು ಕಲಘಟಗಿ ಕಡೆಯವಳು, ಪಿಯುಸಿ ಪಾಸಾದವಳು. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಸೌಟು ಕೈಗೆ ಕೊಟ್ಟಿದ್ದರು. ಒಮ್ಮೆ ಮಾತ್ರ ಆ ಸೌಟು ಕೈ ಬದಲಾಯಿಸಿತ್ತು. ಮಗಳು ಹುಟ್ಟಿದಾಗಿನ ಬಾಣಂತನಕ್ಕೆ ಅವಳು ತವರಿಗೆ ಹೋದಾಗ ಶೇಖಪ್ಪ ಒಬ್ಬ ಅಡುಗೆಯವನನ್ನು ಇಟ್ಟುಕೊಂಡ. ಅವನಿಗೆ ಪಗಾರವಿತ್ತು, ವಾರದ ರಜೆಯಿತ್ತು, ಬೀಡಿ ಸೇದಲು ಹಿತ್ತಿಲಿನಲ್ಲಿ ಒಂದು ಕಲ್ಲು ಇತ್ತು. ನೀಲವ್ವ ಕೂಸಿನೊಂದಿಗೆ ಮರಳಿದ ದಿನವೇ ಅವನನ್ನು ಬಿಡಿಸಿದರು. ಕೂಸನ್ನು ಹಿಟ್ಟಿನ ಡಬ್ಬಿಗಳ ಪಕ್ಕದಲ್ಲಿ ಮಲಗಿಸಿ ಅವಳು ಬದನೆಕಾಯಿ ತುಂಬಲು ಕುಳಿತಳು. ಪಗಾರ, ರಜೆ, ಕಲ್ಲು ಯಾವುದೂ ಅವಳ ಪಾಲಿಗೆ ಬರಲಿಲ್ಲ.

ಕೆನಡಾದ ಮಾತು ತಂದವಳು ಸುಮಿತಾ. ತೇರಗಾಂವದ ಸಿದ್ದಿ ಕ್ರೈಸ್ತರ ಮನೆಯ ಹುಡುಗಿ. ಮೊದಲು ಈ ಖಾನಾವಳಿಯಲ್ಲೇ ತರಕಾರಿ ಹೆಚ್ಚುತ್ತಿದ್ದಳು, ಆಮೇಲೆ ಗೋವಾದ ಹೋಟೆಲುಗಳಲ್ಲಿ ಅಡುಗೆ ಕಲಿತಳು, ಈಗ ಕೆನಡಾದ ಒಂದು ಸಣ್ಣ ಊರಿನಲ್ಲಿದ್ದಾಳೆ. ವಿಡಿಯೊ ಕಾಲ್‌ನಲ್ಲಿ ಅವಳು ಹೇಳಿದಳು:

"ಅಕ್ಕಾ, ಇಲ್ಲಿ ಅಡಗಿಯವರು ಸಿಗವಲ್ರು. ನನಗ ಝುಣಕ ಕಲಿಸಿದಾಕಿ ನೀನ. ನೀ ಯಾಕ ಅರ್ಜಿ ಹಾಕಬಾರದು?"

ನೀಲವ್ವನಿಗೆ ಹೋಗಬೇಕೆನಿಸಿತು. ಹಿಮ ನೋಡುವ ಆಸೆಯೇನೂ ಅಲ್ಲ. ತನ್ನ ಕೆಲಸವನ್ನು ಕೆಲಸ ಎಂದು ಕರೆಯುವ ಜಾಗ ಹೇಗಿರುತ್ತದೆಂದು ನೋಡಬೇಕಿತ್ತು. ಅರ್ಜಿಗೆ ಬೇಕಾದ ಇಂಗ್ಲಿಷ್ ಪರೀಕ್ಷೆಗೆ ಗುಟ್ಟಾಗಿ ಓದಲು ಶುರು ಮಾಡಿದಳು. ಕೆಲವು ದಿನಗಳ ಮೇಲೆ ಗಂಡನಿಗೆ ಹೇಳಿದಳು. ಗಂಡ ಅಣ್ಣನಿಗೆ ಹೇಳಿದ. ಅಲ್ಲಿಂದ ಅದು ಗಂಡಸರ ಯೋಜನೆಯಾಯಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ಪೂರ್ಣಿಮಾ ಎಂಬವಳ ಕಚೇರಿ. ಮಿಲ್ಲಿನ ಫಿಟ್ಟರ್ ಒಬ್ಬರ ಮಗಳು. ಬೆಂಗಳೂರಿನಲ್ಲಿ ವೀಸಾ ಅರ್ಜಿಗಳ ಕೆಲಸ ಮಾಡಿ ಬಂದು ಈಗ ಇಲ್ಲಿ ಅದನ್ನೇ ಮಾಡುತ್ತಿದ್ದಳು. ಮೂವರೂ ಹೋದರು. ಕುರ್ಚಿ ಎರಡೇ ಇದ್ದವು. ನೀಲವ್ವ ಬಾಗಿಲ ಬಳಿ ನಿಂತಳು.

"ಅರ್ಜಿ ನನ್ನ ತಮ್ಮನ ಹೆಸರಲೆ ಹಾಕು ತಂಗಿ," ಎಂದ ಶೇಖಪ್ಪ. "ಖಾನಾವಳಿ ಹೆಡ್ ಕುಕ್ ಅಂತ ನಾ ಬರದು ಕೊಡ್ತೇನಿ. ಅಕಿ ಹೆಂಡ್ತಿ ಅಂತ ಬೆನ್ನಿಂದ ಹೋಗ್ತಾಳ."

ಪೂರ್ಣಿಮಾ ಒಳಗಿನಿಂದ ಇನ್ನೊಂದು ಸ್ಟೂಲು ತಂದು ನೀಲವ್ವನನ್ನು ಕೂರಿಸಿದಳು. ಆಮೇಲೆ ವಿವರಿಸಿದಳು. "ಅಲ್ಲಿ ಸರ್ಕಾರದವರು ಒಂದೊಂದು ಕೆಲಸಕ್ಕ ಒಂದೊಂದು ನಂಬರ್ ಇಟ್ಟಾರ್ರಿ. ಅಡಗಿಯವರಿಗೆ ಒಂದು, ಅಡಗಿಮನ್ಯಾಗ ಮ್ಯಾಲಿನ ಕೆಲಸ ಮಾಡಾವ್ರಿಗೆ ಬ್ಯಾರೆ. ಮೊದಲನೇದು ನುರಿತ ಕೆಲಸದ ಪಟ್ಟಿವಳಗ ಐತಿ, ಎರಡನೇದು ಇಲ್ಲ. ಹೆಡ್ ಕುಕ್ ಅಂತ ಬರದ್ರ ಆಗೂದಿಲ್ಲ, ದಿನಾ ಮಾಡೂ ಕೆಲಸ ಆ ನಂಬರಿಗೆ ಹೊಂದಬೇಕು." ಅವಳು ಮಲ್ಲೇಶನ ಕಡೆ ತಿರುಗಿದಳು. "ಹೇಳ್ರಿ. ಇವತ್ತು ಏನೇನು ಅಡಗಿ ಅಂತ ಯಾರು ಠರಾಯಸ್ತೀರಿ?"

"ನಮ್ಮಾಕಿ."

"ಮಾಡಾವ್ರು?"

"ನಮ್ಮಾಕೀನ."

"ಯಾವ ಸಾಮಾನು ಎಷ್ಟು ಬೇಕು ಅಂತ ನೋಡೂದು?"

"ಅಕಿ ಹೇಳ್ತಾಳ, ನಾ ತರ್ತೇನಿ."

"ಅಡಗಿಮನ್ಯಾಗ ಉಳಿದವರಿಗೆ ಕೆಲಸ ಹಚ್ಚೂದು?"

ಮಲ್ಲೇಶ ಅಣ್ಣನ ಮುಖ ನೋಡಿದ. "ನಾ ಒಳಗ ಹೋದ್ರ ಸಕ್ಕುಬಾಯಿನ ನನಗ ಉಳ್ಳಾಗಡ್ಡಿ ಸುಲಿಯಾಕ ಹಚ್ಚತಾಳ್ರಿ." ಸಕ್ಕುಬಾಯಿ ಎಂದರೆ ರೊಟ್ಟಿ ಬಡಿಯಲು ಇಟ್ಟುಕೊಂಡ ಹೆಂಗಸು.

"ಅದು ಎರಡನೇ ನಂಬರು," ಎಂದಳು ಪೂರ್ಣಿಮಾ.

"ಕೇಳಿದ್ದಕ್ಕೆಲ್ಲ ಹೌದು ಅನ್ನಾಕ ಏನಾಗೇತಿ ನಿನಗ?" ಶೇಖಪ್ಪ ಗದರಿದ.

"ಅಲ್ಲಣ್ಣಾ, ನಾಳೆ ಅವರು ಒಲಿ ಮುಂದ ನಿಂದ್ರಿಸಿದ್ರ? ನನಗ ಚಾ ಸೈತ ಬರೂದಿಲ್ಲ."

ಮಲ್ಲೇಶ ಸೋಮಾರಿಯಾಗಿರಬಹುದು, ಸುಳ್ಳುಗಾರನಲ್ಲ. ಪೂರ್ಣಿಮಾ ಅದೇ ಪ್ರಶ್ನೆಗಳನ್ನು ನೀಲವ್ವನಿಗೆ ಕೇಳಿದಳು. ನೀಲವ್ವ ಉತ್ತರ ಹೇಳುತ್ತ ಹೋದ ಹಾಗೆ ಅವಳ ಬೆನ್ನು ನೆಟ್ಟಗಾಯಿತು. ಎಲ್ಲವೂ ಹೊಂದಿತು, ಯಾವುದನ್ನೂ ಹಿಗ್ಗಿಸಬೇಕಾಗಲಿಲ್ಲ.

"ಅರ್ಜಿ ಇವರದ," ಎಂದಳು ಪೂರ್ಣಿಮಾ. "ಪಗಾರ ಹೆಂಗ ಕೊಡ್ತೀರಿ ಇವರಿಗೆ? ಬ್ಯಾಂಕಿಗೋ, ಕೈಯಾಗೋ?"

ಶೇಖಪ್ಪ ಅಂಗಿಯ ಕಾಲರು ಸರಿಮಾಡಿಕೊಂಡ. ಈ ಪ್ರಶ್ನೆಗೆ ಮಾತ್ರ ತನ್ನ ಬಳಿ ಒಳ್ಳೆಯ ಉತ್ತರವಿದೆ ಎಂದು ಅವನಿಗೆ ಖಾತ್ರಿಯಿತ್ತು. "ಪಗಾರ? ನಾವು ಅಂಥಾ ಮಂದಿ ಅಲ್ಲ ತಂಗಿ. ಅಕಿ ಮನಿ ಸೊಸಿ. ಹದಿಮೂರು ವರ್ಷದಾಗ ಒಂದು ಸರ್ತಿನೂ ಪಗಾರ ಕೊಟ್ಟು ಆಳಿನ ಸಾಲಿನಾಗ ನಿಂದ್ರಿಸಿಲ್ಲ ಅಕಿನ್ನ."

ಈ ಕಡೆಯ ಖಾನಾವಳಿ ಮನೆತನಗಳಲ್ಲಿ ಇದು ಮರ್ಯಾದೆಯ ಮಾತು. ಆಳಿಗೆ ಪಗಾರ, ಸೊಸೆಗೆ ಹಬ್ಬಕ್ಕೊಂದು ಸೀರೆ. ಆ ಮರ್ಯಾದೆಯನ್ನು ಅವನು ಹೆಮ್ಮೆಯಿಂದ ಮೇಜಿನ ಮೇಲಿಟ್ಟ. ಪೂರ್ಣಿಮಾ ಪೆನ್ನು ಮುಚ್ಚಿದಳು.

"ಪಗಾರ ಇಲ್ಲದ ಮಾಡಿದ್ದನ್ನ ಅವರು ಅನುಭವ ಅಂತ ಹಿಡಿಯೂದಿಲ್ರಿ ಅಕ್ಕಾರ. ಕಡಿಮ್ಯಂದ್ರೂ ಒಂದು ವರ್ಷ ಪಗಾರದ ಮ್ಯಾಲೆ ಮಾಡಿರಬೇಕು."

"ಹದಿಮೂರು ವರ್ಷ ಮಾಡೇನಲ್ಲ?"

"ಅದರಾಗ ಒಂದು ದಿನಾನೂ ಲೆಕ್ಕಕ್ಕ ಬರೂದಿಲ್ಲ."

ಮರುದಿನ ಬೆಳಗಿನ ಪಾಳಿಯವರು ಉಂಡು ಹೋದ ಮೇಲೆ ನೀಲವ್ವ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತಳು. ಅಷ್ಟು ವರ್ಷಗಳಲ್ಲಿ ಅವಳು ಆ ಕಡೆಯಿಂದ, ಗಿರಾಕಿ ನಿಲ್ಲುವ ಜಾಗದಲ್ಲಿ, ನಿಂತದ್ದು ಅದೇ ಮೊದಲು.

"ಭಾವಾರ, ಬರೂ ಒಂದನೇ ತಾರೀಖಿನಿಂದ ನನ್ನ ಅಡಗಿಯಾಕಿ ಅಂತ ಕೆಲಸಕ್ಕ ಇಟ್ಕೊಳ್ರಿ. ಪಗಾರ ನನ್ನ ಖಾತೆಗೆ ಹಾಕ್ರಿ. ವಾರಕ್ಕ ಒಂದು ರಜಾ."

"ಏನ ಮಾತಾಡ್ತಿ? ಸೊಸಿಗೆಂಥ ಪಗಾರ, ಸೊಸಿಗೆಂಥ ರಜಾ? ಊರ ಮಂದಿ ನಗ್ತಾರ."

"ನಗಲಿ. ನಕ್ಕವರೂ ಇಲ್ಲೆ ಉಣ್ಣಾಕ ಬರ್ತಾರ."

"ಆಗೂದಿಲ್ಲ."

"ಹಂಗಾದ್ರ ನನಗೂ ಆಗೂದಿಲ್ಲ," ಎಂದು ಅವಳು ಸೌಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಳು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಸಕ್ಕುಬಾಯಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೇಳಿದಳು: "ನಾ ಆಳು, ನೀ ಒಡತಿ ಅಂತ ತಿಳಕೊಂಡು ಇಷ್ಟು ವರ್ಷ ನಿನಗ ಅಂಜಿದ್ನಲ್ಲವಾ. ನೀ ನನಗಿಂತ ಕೆಳಗ ಇದ್ದಿ."

ಕಾಳಿ ನದಿಯ ದಂಡೆಗೆ, ಜೋಯಿಡಾ ಕಡೆ ಹೋಗುವ ದಾರಿಯಲ್ಲಿ, ಪ್ರವಾಸಿಗರ ರೆಸಾರ್ಟುಗಳು ಸಾಲಾಗಿವೆ. ಅದರಲ್ಲೊಂದರ ಮ್ಯಾನೇಜರ್ ಜೆರಾಲ್ಡ್ ಎಂಬವನಿಗೆ ಉತ್ತರ ಕರ್ನಾಟಕದ ಅಡುಗೆ ಮಾಡುವವರು ಬೇಕಾಗಿದ್ದರು. ಕೆಲಸ ಕೇಳಿಕೊಂಡು ಹೋದ ನೀಲವ್ವನಿಂದ ಒಂದು ಹೊತ್ತು ಅಡುಗೆ ಮಾಡಿಸಿ ನೋಡಿ ಒಪ್ಪಿದ. ಹೆಸರು ಬರೆದುಕೊಳ್ಳುವಾಗ ಹೇಳಿದ: "ಲೇಡೀಜ್ ಎಲ್ಲಾ ಹೆಲ್ಪರ್ ಅಂತನ ಬರಿಯೂದು ನಮ್ಮಲ್ಲಿ. ಪಗಾರದಾಗ ಫರಕ ಏನೂ ಇಲ್ಲ, ಅಕ್ಕಾ."

"ಫರಕ ಇಲ್ಲಂದ್ರ ಕುಕ್ ಅಂತ ಬರೀರಿ."

"ಅದು ರೂಢಿ ಆಗೇತಿ."

"ರೂಢಿ ನಿಮ್ಮದು. ಕೈ ನಂದು. ಹೆಲ್ಪರ್ ಅಂತ ಬರದ್ರ ನಾಳಿಂದ ಪಾತ್ರಿ ತೊಳೀತೇನಿ, ಅಡಗಿ ಯಾರ ಕಡೆಯಿಂದರ ಮಾಡಿಸ್ಕೊಳ್ರಿ."

ಜೆರಾಲ್ಡ್ ನಕ್ಕು ಕುಕ್ ಎಂದು ಬರೆದ. ಆ ದಿನ ಬೆಳಿಗ್ಗೆ ಅವಳು ಬಸ್ಸು ಹತ್ತುವಾಗ ಮಲ್ಲೇಶ, "ಮನಿ ಅಡಗಿ ಹೆಂಗ?" ಎಂದು ಕೇಳಿದ್ದ. "ಉಳ್ಳಾಗಡ್ಡಿ ಸುಲಿಯಾಕ ಬರತೇತಲ್ರಿ, ಅಲ್ಲಿಂದ ಸುರು ಮಾಡ್ರಿ," ಎಂದಿದ್ದಳು. ಅವನು ಶುರು ಮಾಡಿದ. ಮೊದಲ ವಾರ ಮಗಳು ಪಕ್ಕದ ಮನೆಯಲ್ಲಿ ಉಂಡಳು. ಎರಡನೇ ತಿಂಗಳಿಗೆ ಅನ್ನ ಮತ್ತು ಸಾರು ಒಂದೇ ದಿನ, ಒಂದೇ ಹೊತ್ತಿಗೆ ಸಿದ್ಧವಾಗತೊಡಗಿದವು.

ಖಾನಾವಳಿಯಲ್ಲಿ ಅಡುಗೆಯವರು ಬಂದರು, ಹೋದರು. ಗಿರಾಕಿಗಳೂ ಹೋದರು, ಆದರೆ ಮರಳಿ ಬರಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಶೇಖಪ್ಪ ರೆಸಾರ್ಟಿಗೆ ಬಂದ. ಅಡುಗೆಮನೆಯ ಹೊರಗಿನ ಕಟ್ಟೆಯ ಮೇಲೆ ಕುಳಿತು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದ:

"ತಿರುಗಿ ಬಾ ನೀಲವ್ವ. ನೀ ಹೇಳಿದಂಗ ಬರದು ಕೊಡ್ತೇನಿ. ನೀನ ಅಡಗಿಯಾಕಿ, ಹದಿಮೂರು ವರ್ಷ ತಿಂಗಳಾ ಪಗಾರ ಕೊಟ್ಟೇನಿ ಅಂತ ಸಹಿ ಮಾಡಿ ಸಿಕ್ಕಾ ಹೊಡದು ಕೊಡ್ತೇನಿ. ಈ ವರ್ಷನ ಅರ್ಜಿ ಹಾಕು."

ನೀಲವ್ವ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಆಸೆಯಾಗಲಿಲ್ಲ ಎಂದರೆ ಸುಳ್ಳು. ವಯಸ್ಸು ಅವಳಿಗಾಗಿ ಕಾಯುತ್ತಿರಲಿಲ್ಲ. ಒಂದು ಸಹಿಯಿಂದ ಸತ್ತ ವರ್ಷಗಳೆಲ್ಲ ಎದ್ದು ಕೂರುತ್ತವೆ. ಮಾಡಿದ ಕೆಲಸವಂತೂ ನಿಜ, ಪಗಾರವೊಂದೇ ಸುಳ್ಳು.

"ಕೊಟ್ಟೇನಿ ಅಂತ ಬರೀತೀರಿ. ಕೊಟ್ಟೀರೇನು?"

"ಬರದ್ರ ಕೊಟ್ಟಂಗ ಅಲ್ಲೇನು?"

"ಹಂಗಾದ್ರ ಮೊದಲ ಕೊಡ್ರಿ, ಆಮ್ಯಾಲೆ ಬರೀರಿ."

ಶೇಖಪ್ಪ ನದಿಯ ಕಡೆ ನೋಡಿದ.

"ನೀವು ಕೊಟ್ಟೀರಿ ಅಂತ ನಾ ಜಗತ್ತಿಗೆಲ್ಲ ತೋರಿಸಿಕೋತ ಹೋಗಬೇಕು," ಎಂದಳು ನೀಲವ್ವ. "ಪುಕ್ಕಟ ದುಡಿಸ್ಕೊಂಡವರಿಗೆ ಒಳ್ಳೇವರು ಅಂತ ನಾನ ಸಾಕ್ಷಿ ಹೇಳಬೇಕು. ಆಗೂದಿಲ್ಲ ಭಾವಾರ. ಆ ಹದಿಮೂರು ವರ್ಷ ಸೊನ್ನೀನ ಇರ್ಲಿ. ಯಾಕ ಸೊನ್ನಿ ಅಂತ ಕೇಳಿದವರಿಗೆ ಹೇಳ್ತೇನಿ. ಊಟದ ಹೊತ್ತಾತು, ಉಂಡು ಹೋಗ್ರಿ."

ಅವನು ಉಣ್ಣದೆ ಹೋದ.

ರೆಸಾರ್ಟಿನಲ್ಲಿ ವರ್ಷ ತುಂಬಿದ ಮೇಲೆ, ಒಂದು ರಜೆಯ ದಿನ ನೀಲವ್ವ ಒಬ್ಬಳೇ ಝೆರಾಕ್ಸ್ ಅಂಗಡಿಯ ಮಾಳಿಗೆ ಹತ್ತಿದಳು. ಜೆರಾಲ್ಡ್ ಅವಳು ಮಾಡುವ ಕೆಲಸಗಳನ್ನು ಮಾಡುವ ಹಾಗೆಯೇ ಬರೆದುಕೊಟ್ಟಿದ್ದ. ಇಂಗ್ಲಿಷ್ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಗಿತ್ತು. ಪೂರ್ಣಿಮಾ ಅರ್ಜಿ ತುಂಬುತ್ತ ಒಂದು ಪ್ರಶ್ನೆಗೆ ಬಂದು ಕೈ ನಿಲ್ಲಿಸಿದಳು.

"ರೆಸಾರ್ಟಿಗಿಂತ ಮೊದಲಿನ ವರ್ಷದಾಗ ಏನ ಮಾಡ್ತಿದ್ರಿ ಅಂತ ಕೇಳ್ಯಾರ. ಖಾಲಿ ಬಿಡಂಗಿಲ್ಲ. ಗೃಹಿಣಿ ಅಂತ ಹಾಕಲೇನು? ಎಲ್ಲಾರೂ ಹಂಗ ಹಾಕ್ತಾರ."

"ಬ್ಯಾಡ. ಖಾನಾವಳ್ಯಾಗ ಅಡಗಿ ಮಾಡ್ತಿದ್ದೆ, ಪಗಾರ ಕೊಟ್ಟಿಲ್ಲ ಅಂತ ಬರೀರಿ."

"ಅದಕ್ಕ ಅಂಕ ಸಿಗೂದಿಲ್ಲ, ಅಕ್ಕಾರ. ಮ್ಯಾಲೆ ಇನ್ನೊಂದು ಪ್ರಶ್ನೆ ಕೇಳಬಹುದು."

"ಕೇಳಲಿ," ಎಂದು ನೀಲವ್ವ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು. "ಇಷ್ಟು ವರ್ಷದಾಗ ಯಾರೂ ಕೇಳಿಲ್ಲ. ಬರೀರಿ."