ಖಾಲಿ ಜಾಡಿ
ಓಸ್ಲೊದಲ್ಲಿ ದುಡಿಯುವ ವಿತೋಲ್ಡ್ ಮಹಾರಾಯನ ಬೆನ್ನಿನ ಗುರುತು ಯುರೋಪಿನ ಅರ್ಧ ಸೋಫಾಗಳ ಮೇಲಿದೆ. ಶುಕ್ರವಾರ ಅಗ್ಗದ ವಿಮಾನ, ಕೈಚೀಲವೊಂದೇ. ಪ್ರಾಗ್‌ನ ಗೆಳೆಯನ ಮನೆಯಾಗಲಿ, ವಿಯೆನ್ನಾದ ಅಕ್ಕನ ಮನೆಯಾಗಲಿ, ಕೋಟು ಬಿಚ್ಚುವ ಮೊದಲೇ "ಭಾನುವಾರ ಹೊರಟೆ" ಎನ್ನುತ್ತಾನೆ. ಹುಟ್ಟೂರು ಲುಬ್ಲಿನ್‌ನಲ್ಲಿರುವ ಅಮ್ಮ ಮಾತ್ರ ಪ್ರತಿಸಲವೂ ಸೌತೆಕಾಯಿ ಉಪ್ಪಿನಕಾಯಿಯ ಜಾಡಿಗಳನ್ನು ಚೀಲಕ್ಕೆ ತುರುಕುತ್ತಾಳೆ: "ಖಾಲಿ ಜಾಡಿ ವಾಪಸ್ ತಾರೋ." ಕೈಚೀಲದಲ್ಲಿ ನೀರಿನ ಪದಾರ್ಥ ವಿಮಾನಕ್ಕೆ ಬಿಡುವುದಿಲ್ಲವೆಂದು ಹೇಳಲು ಬಾಯಿ ಬಾರದೆ, ನಿಲ್ದಾಣದ ತಪಾಸಣೆಯ ಬಳಿ ಕಳ್ಳನಂತೆ ಅವನ್ನು ಕಸದ ಡಬ್ಬಿಗೆ ಇಳಿಸುತ್ತಾನೆ, ಆಮೇಲೆ ಓಸ್ಲೊದಲ್ಲಿ ಅಂಥದೇ ಜಾಡಿ ಕೊಂಡು ಮುಂದಿನ ಸಲ ಒಯ್ಯುತ್ತಾನೆ. "ಹೇಗಿತ್ತೋ ವಿತೆಕ್?" ಎಂದು ಅಮ್ಮ ಮುದ್ದಿನ ಹೆಸರು ಹಿಡಿದು ಕೇಳಿದರೆ, "ಬೆರಳು ಚೀಪಿಕೊಂಡು ತಿಂದೆ ಅಮ್ಮ," ಎನ್ನುತ್ತಾನೆ, ಅವಳ ಮುಖ ನೋಡದೆ. ಮೊನ್ನೆ ಆಕೆ ಅವನು ತಂದ ಜಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿ ತನ್ನ ಜಾಡಿಗಳ ಸಾಲಿನಲ್ಲೇ ಇಟ್ಟಳು. ಹೊರಡುವಾಗ ದಾರಕ್ಕೆ ಪೋಣಿಸಿದ ಒಣ ಅಣಬೆಯ ಸರವನ್ನು ಕೈಗಿತ್ತಳು: "ಇದನ್ನ ತಗೊಂಡ್ಹೋಗು ಮಗಾ. ಇದನ್ನಾದ್ರೆ ಎಸೀಬೇಕಾಗಲ್ಲ."