ಚಾಪೆಯ ಮೇಲೆ ಮುಕ್ಕಾಲು ಗಂಟೆ

೧೯೯೫ರಲ್ಲಿ, ಎಂಟನೇ ತರಗತಿಯ ನಡುವೆ, ಓದು ಬಿಟ್ಟು ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡಿಗೆ ಸೇರಿದೆ; ಬರಬರುತ್ತಾ ಸ್ವಂತ ಮಗ್ಗ ಹಾಕಿಕೊಂಡೆ. ಮಗ್ಗದ ಮುಂದೆ ಹನ್ನೆರಡು ಗಂಟೆ ನಿಂತರೂ ಸುಸ್ತು ಎಂದವನಲ್ಲ. ಹೆಂಡ ಮುಟ್ಟಿದವನೂ ಅಲ್ಲ.

ಎರಡು ವರ್ಷದ ಹಿಂದೆ ಕೂರುವುದೇ ಕಷ್ಟವಾಯಿತು. ಕೂತರೆ ಬೆನ್ನಿನ ಬುಡದಿಂದ ಕಾಲಿನವರೆಗೆ ಕಾದ ಕಂಬಿ ಎಳೆದಂತೆ. ಸ್ಕ್ಯಾನ್ ನೋಡಿದ ಡಾಕ್ಟರು, ಬೆನ್ನುಹುರಿಯ ನರಗಳ ಬುಡದಲ್ಲಿ ನೀರು ತುಂಬಿದ ಎರಡು ಚೀಲಗಳಿವೆ ಎಂದರು. "ತುಂಬಾ ಜನಕ್ಕೆ ಇರುತ್ತೆ, ಏನೂ ಮಾಡಲ್ಲ. ನಿಮಗೆ ನರ ಒತ್ತುತ್ತಿದೆ." ಕುರಿ ಕೊಯ್ದಾಗ ಒಳಗೆ ಇಂಥ ನೀರುಗುಳ್ಳೆ ಕಂಡರೆ ನಾವು ನಾಯಿಗೂ ಹಾಕದೆ ಹೂತುಬಿಡುತ್ತೇವೆ. ಅಂಥದ್ದು ನನ್ನೊಳಗೆ.

ಮಗಳ ಮದುವೆ ಮಾತಿಗೆ ಹೊಸಕೋಟೆ ಕಡೆಯವರು ಬಂದ ದಿನ ಹೆಂಡತಿ ಮೊದಲೇ ಹೇಳಿದಳು: "ಕಾಯಿಲೆ ಅಂತ ಬಾಯ್ಬಿಡ್ಬೇಡಿ. ಮಗಳಿಗೂ ಬರ್ತದೆ ಅಂತ ಎದ್ದೋಯ್ತಾರೆ."

ನಿಂತೇ ಇದ್ದ ನನ್ನನ್ನು ಗಂಡಿನ ಸೋದರಮಾವ ಗಮನಿಸಿದ. "ಏನ್ ಬೀಗ್ರೇ, ವಾಚ್‌ಮನ್ ನಿಂತಂಗೆ ನಿಂತಿದ್ದೀರಾ. ನಮ್ ಪಕ್ಕ ಕೂತ್ರೆ ಸವೆದೋಯ್ತೀರಾ?"

ಚಾಪೆಯ ಮೇಲೆ ಕೂತೆ. ಮುಕ್ಕಾಲು ಗಂಟೆ. ಬೆವರಿಳಿಯಿತು. ತಾಂಬೂಲದ ತಟ್ಟೆ ಬದಲಾಯಿಸಲು ಎದ್ದಾಗ ಕಾಲು ಸೋತು ಗೋಡೆ ಹಿಡಿದೆ. ಪಂಚೆ ಒದ್ದೆಯಾಗಿತ್ತು. ಯಾವಾಗ ಆಯಿತೋ ನನಗೇ ತಿಳಿದಿರಲಿಲ್ಲ. ಒಳಗಿನಿಂದ ಬರುತ್ತಿದ್ದ ತುಪ್ಪದ ಘಮದ ಜೊತೆ ಉಚ್ಚೆಯ ವಾಸನೆ ಸೇರಿತು.

"ಬೆಳಿಗ್ಗೆನೇ ಏರಿಸ್ಬಿಟ್ಟವ್ನೆ ಕಣೋ," ಎಂದು ಸೋದರಮಾವ ಪಕ್ಕದವನಿಗೆ ಹೇಳಿದ.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಹೂಂ ಅಣ್ಣ, ಖುಷಿಗೆ ಒಸಿ ಜಾಸ್ತಿ ಆಗೋಯ್ತು," ಎಂದಳು.

"ಗಂಡುಸ್ರಿಗೆ ಇದ್ದದ್ದೇ ಬಿಡವ್ವ. ನಾವೇನು ಹಾಲು ಕುಡ್ಕೊಂಡಿದ್ದೀವಾ?"

ಎಲ್ಲರೂ ನಕ್ಕರು. ಒದ್ದೆ ಪಂಚೆಯಲ್ಲೇ ತಟ್ಟೆ ಬದಲಾಯಿಸಿದೆ. ಕಾಯಿಲೆಯೆಂದರೆ ಎದ್ದು ಹೋಗುತ್ತಿದ್ದವರು ಕುಡುಕನ ಹೆಗಲು ತಟ್ಟಿದರು. ಆ ಕೈ ನೆನೆದರೆ ಈಗಲೂ ಮೈ ತೊಳೆದುಕೊಳ್ಳಬೇಕೆನಿಸುತ್ತದೆ.

ಮಾರನೆಯ ದಿನವೇ ಆಸ್ಪತ್ರೆಗೆ ಹೋದೆ. ಆಮೇಲೆ ಸೂಜಿ ಹಾಕಿ ನೀರು ತೆಗೆದರು. ಕೆಲವೇ ತಿಂಗಳಲ್ಲಿ ಮತ್ತೆ ತುಂಬಿಕೊಂಡಿತು. ಮದುವೆ ಆಯಿತು, ಮಗಳು ಚೆನ್ನಾಗಿದ್ದಾಳೆ. ಬೀಗರು ಹಬ್ಬಕ್ಕೆ ಬಂದಾಗಲೆಲ್ಲ ನನಗೆಂದು ಏನೋ ತಂದು, ಕಣ್ಣು ಹೊಡೆದು ಕೈಗಿಡುತ್ತಾರೆ.

ಈಗ ನನ್ನಲ್ಲಿರುವುದು ಮಗ್ಗ ನಾಲ್ಕು, ನೀರಿನ ಚೀಲ ಎರಡು, ಮುಚ್ಚಳ ತೆಗೆಯದ ಬಾಟಲಿ ಮೂರು.